ನಾಲ್ಕಿಂಚು ಲೂಸು

ನನ್ನ ತಮ್ಮನಿಗೆ ಊರಿಟ್ಟ ಹೆಸರು ಕಾಲಿಂಚು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಆಸ್ಪತ್ರೆಯ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಚಲಾವಣೆಯಲ್ಲಿಲ್ಲ. ಕೋಟು ಹೊಲಿಯುವುದು ಅವನ ಕಸುಬು. ಗಿರಾಕಿ ಕನ್ನಡಿ ಮುಂದೆ ನಿಂತು ಹಿಗ್ಗುತ್ತಿದ್ದರೆ ಇವನು ಹಿಂದೆ ನಿಂತು ಹುಬ್ಬು ಗಂಟಿಕ್ಕುತ್ತಿದ್ದ. ಬೆನ್ನಲ್ಲಿ ಕಾಲಿಂಚು ಎದ್ದಿದೆ, ಬಿಚ್ಚಿ ಅನ್ನುವನು. ಕೆಲಸದ ಸಂದರ್ಶನಕ್ಕೆ ಹೊರಟಿದ್ದ ಒಬ್ಬ ಗಿರಾಕಿ, ಕಾಲಿಂಚು ಯಾರಿಗೆ ಕಾಣುತ್ತೆ ಬಿಡಿ ಮಾಸ್ತರೇ ಅಂದದ್ದಕ್ಕೆ, ನನಗೆ ಕಾಣುತ್ತಲ್ಲ ಅಂತ ಮೈಮೇಲಿನ ಕೋಟು ಕಿತ್ತುಕೊಂಡು ಕೂತ. ಆ ಮನುಷ್ಯ ಬರೀ ಅಂಗಿಯಲ್ಲೇ ಸಂದರ್ಶನಕ್ಕೆ ಹೋದ. ಕೆಲಸ ಸಿಕ್ಕಿತಂತೆ, ಅದು ಬೇರೆ ವಿಷಯ.

ನಾನು ಅವನ ಅಕ್ಕ, ಆರು ವರ್ಷಕ್ಕೆ ದೊಡ್ಡವಳು. ಗಂಡ ಹೋದ ಮೇಲೆ ತಮ್ಮನ ಮನೆಯಲ್ಲೇ ಇದ್ದೇನೆ. ಅವನ ಅಂಗಡಿಯಲ್ಲಿ ಕಾಜಾ ಹಾಕುವವಳೂ ನಾನೇ. ಕಾಜಾ ಅಂದರೆ ಗುಂಡಿ ತೂರಿಸುವ ತೂತು. ನೋಡುವವರಿಗೆ ಅದೇನು ಮಹಾ ಅನಿಸಬಹುದು. ಕತ್ತರಿಸಿದ ಬಟ್ಟೆಯ ಬಾಯಿ ಬಿಚ್ಚಿಕೊಳ್ಳದ ಹಾಗೆ ಸುತ್ತ ಒತ್ತೊತ್ತಾಗಿ ದಾರ ಕೂರಿಸಬೇಕು. ಒಂದು ಕೋಟಿನ ಕಾಜಾ ಹಾಕಿ ನೋಡಲಿ, ಆಮೇಲೆ ಮಾತಾಡೋಣ.

ಅಂಗಡಿ ಇರುವುದು ಮಹಡಿಯ ಮೇಲೆ. ಕೆಳಗೆ ಗುಂಡಿ, ದಾರ, ಜಿಪ್ಪು ಮಾರುವವರ ಅಂಗಡಿ. ಪಕ್ಕದಲ್ಲಿ ಹತ್ತೊಂಬತ್ತು ಮೆಟ್ಟಿಲು. ಹೋದ ವರ್ಷ ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಾಲಿಂಚು ಕರಿ ದಾರದ ರೀಲು ತರಲು ಕೆಳಗೆ ಹೋದ. ವಾಪಸು ಹತ್ತುವಾಗ ಹನ್ನೊಂದನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಮೇಲಿನಿಂದ ನಾನು ನೋಡಿದಾಗ ಮುಖ ಬೂದಿಯಾಗಿತ್ತು. ಕೈಯಲ್ಲಿದ್ದ ರೀಲು ಟಕಟಕ ಅಂತ ಕೆಳಗೆ ಉರುಳಿ ಹೋಗುತ್ತಿತ್ತು. ಕೆಳಗಿನ ಅಂಗಡಿಯವರೇ ಓಡಿ ಬಂದು ಅವನನ್ನು ಆಸ್ಪತ್ರೆಗೆ ಸೇರಿಸಿದರು.

ಹೃದಯದ ಡಾಕ್ಟರು ಒಳಗೆ ಎರಡು ಸ್ಪ್ರಿಂಗು ಕೂರಿಸಿದರು. ಐದನೆಯ ದಿನಕ್ಕೆ ಮನೆಗೆ ಕಳಿಸಿದರು. ಎರಡು ತಿಂಗಳ ಮೇಲೆ ಮತ್ತೆ ನೋಡಿ, ರಿಪೇರಿ ಗಟ್ಟಿಯಾಗಿದೆ, ನಡೀರಿ, ಮೆಟ್ಟಿಲು ಹತ್ತಿ, ಕೆಲಸ ಶುರು ಮಾಡಿ ಅಂದರು. ಕೇಳಿ ನಾವೆಲ್ಲ ಉಸ್ಸಪ್ಪಾ ಅಂದೆವು. ಕಾಲಿಂಚು ಮಾತ್ರ ಅನ್ನಲಿಲ್ಲ.

ಮನೆಗೆ ಬಂದವನು ಕಿಟಕಿ ಪಕ್ಕದ ಕುರ್ಚಿ ಹಿಡಿದ. ಬಲಗೈಯ ಎರಡು ಬೆರಳು ಎಡಗೈ ಮಣಿಕಟ್ಟಿನ ಮೇಲೆ, ಕಣ್ಣು ಗೋಡೆ ಗಡಿಯಾರದ ಮೇಲೆ. ದಿನವಿಡೀ ನಾಡಿ ಎಣಿಕೆ. ಇಸ್ತ್ರಿಪೆಟ್ಟಿಗೆ ಎತ್ತಲೊಲ್ಲ, ಭಾರವಂತೆ. ಬಚ್ಚಲ ಬಾಗಿಲು ಹಾಕಿಕೊಳ್ಳಲೊಲ್ಲ, ಒಳಗೆ ಬಿದ್ದರೆ ಯಾರು ನೋಡುತ್ತಾರಂತೆ. ನಗಲೂ ಒಲ್ಲ. ಮಗಳು ಏನಾದರೂ ತಮಾಷೆ ಮಾಡಿದರೆ ಎದೆ ಹಿಡಿದುಕೊಂಡು, ನಗಿಸಬೇಡ ಅನ್ನುತ್ತಿದ್ದ. ಎದೆ ಬಿಗೀತಿದೆ, ಬಿಗೀತಿದೆ ಅಂತ ಮೂರು ಸಲ ಆಸ್ಪತ್ರೆಗೆ ಓಡಿಸಿದ. ಮೂರು ಸಲವೂ ವೈರು ಹಚ್ಚಿ ಪಟ್ಟಿ ತೆಗೆದು, ಹೃದಯ ಚೆನ್ನಾಗಿದೆ ಅಂತ ವಾಪಸು ಕಳಿಸಿದರು. ಮೂರನೆಯ ಸಲ ಡಾಕ್ಟರು ಅವನ ಹೆಗಲ ಮೇಲೆ ಕೈ ಇಟ್ಟು, ಇನ್ನು ನನ್ನ ಕೆಲಸ ಮುಗೀತು ಮಾಸ್ತರೇ, ಇದೇ ಮಹಡಿಯ ಕೊನೇ ಕೋಣೆಯಲ್ಲಿ ಮನಸ್ಸಿನ ಡಾಕ್ಟರಮ್ಮ ಇದ್ದಾರೆ, ಹೃದಯಾಘಾತ ಆದವರ ಹತ್ತಿರ ಮಾತಾಡೋದೇ ಅವರ ಕೆಲಸ, ಒಮ್ಮೆ ಹೋಗಿ ಅಂದರು.

ಅಷ್ಟಕ್ಕೇ ಇವನಿಗೆ ಮೂಗಿನ ತುದಿಗೆ ಸಿಟ್ಟು ಬಂತು.

"ನಾನೇನು ಲೂಸಾ?" ಅಂದ.

ಅದನ್ನೇ ಮನೆಯಲ್ಲೂ ಅಂದ, ದಾರಿಯಲ್ಲೂ ಅಂದ, ಊಟದ ಮುಂದೆಯೂ ಅಂದ. ಹೆಂಡತಿ ಹೇಳಿ ಸೋತಳು. ಅವಳು ಶಾಲೆಯಲ್ಲಿ ಟೀಚರು, ನಲವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ಕೂರಿಸುವವಳು, ಇವನ ಮುಂದೆ ಕೈ ಚೆಲ್ಲಿದಳು. ನಾನೂ ಒಂದಷ್ಟು ದಿನ ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ನನಗೂ ಆ ಕೋಣೆಯೆಂದರೆ ಹುಚ್ಚರದ್ದು ಅಂತಲೇ ಇತ್ತು.

ನನ್ನ ಕಣ್ಣು ತೆರೆಸಿದ್ದು ಒಂದು ಕೋಟು.

ಅವನ ಮಗಳು ವಕೀಲಿ ಓದು ಮುಗಿಸಿದ್ದಳು. ಪ್ರಮಾಣ ತೆಗೆದುಕೊಂಡು ಕರಿ ಕೋಟು ತೊಡುವ ದಿನ ಗೊತ್ತಾಗಿತ್ತು, ಎರಡು ತಿಂಗಳಿತ್ತು. ಓದಿಗೆ ಸೇರಿದ ದಿನವೇ ಇವನು ಅವಳಿಗೆ ಮಾತು ಕೊಟ್ಟಿದ್ದ, ನಿನ್ನ ಮೊದಲ ಕೋಟು ನನ್ನ ಕೈಯಿಂದ ಅಂತ. ಕರಿ ಬಟ್ಟೆಯನ್ನೂ ತಂದಿಟ್ಟಿದ್ದ. ಹತ್ತು ತಿಂಗಳಿಂದ ಅದು ಮಹಡಿಯ ಮೇಲೆ ಕತ್ತರಿಸುವ ಮೇಜಿನಲ್ಲಿ ಮಡಿಸಿದ ಹಾಗೇ ಧೂಳು ತಿನ್ನುತ್ತಿತ್ತು. ಮಗಳು ಒಂದು ಸಂಜೆ ಮೆಲ್ಲಗೆ, ಅಪ್ಪಾ ಕೋಟು ಅಂದಳು. ಇವನು ಕಿಟಕಿ ಕಡೆಯಿಂದ ಮುಖ ತಿರುಗಿಸಲಿಲ್ಲ.

"ರೆಡಿಮೇಡ್ ತಗೊಂಡ್ಬಿಡು," ಅಂದ.

ರೆಡಿಮೇಡ್ ಅನ್ನುವುದು ನಮ್ಮ ಮನೆಯಲ್ಲಿ ಬೈಗುಳ. ಯಾರದಾದರೂ ಬುದ್ಧಿ ಸರಿಯಿಲ್ಲದಿದ್ದರೆ ಅವನು ರೆಡಿಮೇಡ್ ಮನುಷ್ಯ ಅನ್ನುತ್ತಿದ್ದ ಇವನು. ಆ ಬಾಯಿಂದ ಆ ಮಾತು ಬಂದ ಮೇಲೆ ನನಗೆ ಇನ್ನು ಯಾವ ವೈರು ಪಟ್ಟಿಯೂ ಬೇಕಾಗಲಿಲ್ಲ. ನನ್ನ ತಮ್ಮನಿಗೆ ಕಾಯಿಲೆ ಇನ್ನೂ ಹೋಗಿಲ್ಲ ಅಂತ ಖಾತ್ರಿಯಾಯಿತು. ಮರುದಿನವೇ ಎಳೆದುಕೊಂಡು ಹೋದೆ. ಲೂಸೋ ಟೈಟೋ, ನಡಿ ಸುಮ್ನೆ ಅಂದೆ.

ಡಾಕ್ಟರಮ್ಮ ಅಂದರೆ ಯಾರೋ ಕನ್ನಡಕದ ಮೇಲಿಂದ ನೋಡುವ ದೊಡ್ಡ ಹೆಂಗಸು ಅಂದುಕೊಂಡಿದ್ದೆ. ನೋಡಿದರೆ ನಮ್ಮ ಹುಡುಗಿಗಿಂತ ಹತ್ತು ವರ್ಷ ದೊಡ್ಡವಳಿರಬೇಕು, ಅಷ್ಟೆ. ಬಿಳಿ ಕೋಟು ಹಾಕಿದ್ದಳು. ಕೋಣೆಯಲ್ಲಿ ಮೂರು ಕುರ್ಚಿ, ಒಂದು ಮೇಜು, ನೀರಿನ ಹೂಜಿ. ಕಾಲಿಂಚು ನಾನೂ ಒಳಗಿರಬೇಕು ಅಂತ ಹಟ ಹಿಡಿದ. ಸರಿ, ಕೂತೆ. ಅವರು ಒಂದು ಗಂಟೆ ಮಾತಾಡಿಸಿದರು. ಹಾಳಾದವನು ಹೊರಗೆ ಬಂದು ಏನಂದ ಗೊತ್ತೇ? ಆಯಮ್ಮನ ಕೋಟಿನ ಎಡತೋಳು ಅರ್ಧ ಇಂಚು ಉದ್ದ ಇದೆ, ಅದನ್ನ ನೋಡ್ತಾ ಕೂತ್ರೆ ಮಾತು ಎಲ್ಲಿ ತಲೆಗೆ ಹೋಗುತ್ತೆ ಅಂದ.

ನನ್ನ ತಲೆಗಂತೂ ಹೋಗಿತ್ತು. ಮನೆಗೆ ಒಮ್ಮೆ ಕಳ್ಳ ಬಂದು ಹೋದ ಮೇಲೆ, ಬೆಕ್ಕು ಪಾತ್ರೆ ಬೀಳಿಸಿದರೂ ನಾವು ಎದ್ದು ಕೂರುವುದಿಲ್ಲವೇ, ಹಾಗೆ ನಿಮ್ಮ ಮೈ ಅಂದಿದ್ದರು ಅವರು. ಸಣ್ಣ ಸದ್ದಿಗೂ ಕಳ್ಳ ಕಳ್ಳ ಅಂತ ಕೂಗುತ್ತಿದೆ. ಕೂಗು ಸುಳ್ಳಲ್ಲ, ಭಯ ನಿಜವಾದದ್ದೇ. ಆದರೆ ಪ್ರತಿ ಸಲ ಕಳ್ಳ ಬಂದಿರುವುದಿಲ್ಲ. ನಿಜವಾದ ನೋವಿನ ಲಕ್ಷಣ ಯಾವುದು, ಬಂದರೆ ತಡಮಾಡದೆ ಏನು ಮಾಡಬೇಕು ಅಂತ ಹೃದಯದ ಡಾಕ್ಟರು ಬರೆದುಕೊಟ್ಟ ಚೀಟಿ ಜೇಬಿನಲ್ಲಿರಲಿ. ಮಿಕ್ಕಿದ್ದನ್ನು ಇಬ್ಬರೂ ಸೇರಿ ನೋಡೋಣ ಅಂದರು. ಕೊನೆಗೆ ಒಂದು ನೋಟುಪುಸ್ತಕ ಕೊಟ್ಟು ಮನೆಗೆಲಸ ಹೇಳಿದರು. ಎದೆ ಬಿಗಿದಾಗೆಲ್ಲ ಹೊತ್ತು ಬರೀಬೇಕು, ಏನು ಮಾಡ್ತಿದ್ರಿ ಅಂತ ಬರೀಬೇಕು, ಎಷ್ಟು ಬಿಗಿದಿದೆ ಅಂತ ಒಂದು ಅಳತೆ ಹಾಕಬೇಕು.

ಅಳತೆ ಅಂದದ್ದೇ ತಡ, ಅಲ್ಲಿಯವರೆಗೆ ತೋಳು ನೋಡುತ್ತಿದ್ದವನು ನೆಟ್ಟಗಾದ. ಅದೊಂದು ನನ್ನ ಕೈಲಾಗುತ್ತೆ ಅಂದ.

ಎರಡು ವಾರ ಅವನು ಆ ಪುಸ್ತಕವನ್ನು ನಮಗೆ ಯಾರಿಗೂ ತೋರಿಸಲಿಲ್ಲ. ಮತ್ತೆ ಹೋದಾಗ ಮೊದಲ ಪರೀಕ್ಷೆ ಪಾಸಾದವನ ಹಾಗೆ ಮೇಜಿನ ಮೇಲಿಟ್ಟ. ಡಾಕ್ಟರಮ್ಮ ಪುಟ ತಿರುಗಿಸಿದರು. ಹಿಂದಕ್ಕೆ ತಿರುಗಿಸಿದರು. ಮತ್ತೆ ಮುಂದಕ್ಕೆ.

"ಮಾಸ್ತರೇ, ಇದು ಹತ್ತಕ್ಕೆ ಎಷ್ಟು ಅಂತ ಅಲ್ವಾ?" ಅಂದರು. "ಇಲ್ಲಿ ಮೂವತ್ತೊಂಬತ್ತೂಕಾಲು ಅಂತಿದೆ."

"ಇಂಚು, ಮೇಡಂ," ಅಂದ ನನ್ನ ತಮ್ಮ.

ಆಗ ನನಗೆ ತಿಳಿಯಿತು. ಎದೆ ಬಿಗಿದಾಗೆಲ್ಲ ಈ ಮಹಾಶಯ ಟೇಪು ಸುತ್ತಿ ಎದೆ ಅಳೆದುಕೊಂಡಿದ್ದಾನೆ! ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಮೊನ್ನೆ ಬಚ್ಚಲಿಂದ ಕತ್ತಿಗೆ ಟೇಪು ಹಾಕಿಕೊಂಡು ಬಂದದ್ದು ಇದಕ್ಕಾ ಅಂದುಕೊಂಡೆ. ಡಾಕ್ಟರಮ್ಮ ತುಟಿ ಕಚ್ಚಿಕೊಂಡರು, ತಡೆಯಲಾಗಲಿಲ್ಲ, ನಕ್ಕೇಬಿಟ್ಟರು. ಆಮೇಲೆ ನೀರು ಕುಡಿದು, ತಪ್ಪು ನನ್ನದೇ, ದರ್ಜಿಯವರಿಗೆ ಅಳತೆ ಅನ್ನೋ ಮಾತು ಹೇಳೋ ಮುಂಚೆ ಯೋಚಿಸಬೇಕಿತ್ತು ಅಂದರು. ಪುಸ್ತಕವನ್ನು ಅವನ ಕಡೆ ತಿರುಗಿಸಿ, ಪೂರ್ತಿ ಓದಿ ಹೇಳಿ ಅಂದರು.

ಅವನು ಓದಿದ. ಬೆಳಿಗ್ಗೆ ಏಳು ಹತ್ತು, ಹಲ್ಲುಜ್ಜುವಾಗ, ಮೂವತ್ತೊಂಬತ್ತೂಕಾಲು. ಒಂಬತ್ತೂವರೆ, ಪತ್ರಿಕೆಯಲ್ಲಿ ಯಾರದ್ದೋ ಸಾವಿನ ಸುದ್ದಿ ಓದಿ, ಮೂವತ್ತೊಂಬತ್ತೂಕಾಲು. ಮಧ್ಯಾಹ್ನ ಒಂದು ಗಂಟೆ, ಅಕ್ಕ ಎದೆ ನೋವಾ ಅಂತ ಕೇಳಿದಾಗ, ಮೂವತ್ತೊಂಬತ್ತೂಕಾಲು. ಈ ಕೊನೆಯದ್ದು ಪುಸ್ತಕದಲ್ಲಿ ಒಂಬತ್ತು ಸಲ ಇತ್ತು, ನಾನು ಕತ್ತು ಬಗ್ಗಿಸಿ ಕೂತೆ. ಒಟ್ಟು ಮೂವತ್ತಾರು ಸಲ ಬರೆದಿದ್ದ. ಹತ್ತನೆಯದಕ್ಕೆ ಅವನ ದನಿ ನಿಧಾನವಾಯಿತು, ಇಪ್ಪತ್ತನೆಯದಕ್ಕೆ ಇನ್ನೂ ನಿಧಾನ. ಮೂವತ್ತಾರೂ ಸಲ ಅದೇ ಅಳತೆ.

"ಟೇಪು ಹಿಗ್ಗಿರಬೇಕು," ಅಂದ ಕೊನೆಗೆ.

ಇಷ್ಟು ವರ್ಷದಲ್ಲಿ ಈ ಟೇಪು ನಿಮಗೆ ಸುಳ್ಳು ಹೇಳಿದೆಯೇ ಅಂತ ಅವರು ಕೇಳಿದರು. ಅವನ ಟೇಪಿನ ಮೇಲೆ ಅನುಮಾನ ಪಡುವುದೆಂದರೆ ಹೆತ್ತಮ್ಮನ ಮೇಲೆ ಪಟ್ಟ ಹಾಗೆ. ಬಿಗೀತಿದೆ ಅಂತ ಅನಿಸೋದು ನಿಜ, ಅದನ್ನ ನಾನು ಇಲ್ಲ ಅನ್ನಲ್ಲ, ಆದರೆ ಅನಿಸೋದೇ ಬೇರೆ, ಎದೆಯೇ ಬೇರೆ ಅಂತ ನೀವೇ ನಿಮ್ಮ ಕೈಯಾರೆ ಬರೆದಿದ್ದೀರಿ ಅಂದರು ಡಾಕ್ಟರಮ್ಮ. ಆಮೇಲೆ ಸುಮ್ಮನೆ ಮಾತಿಗೆ ಕೇಳಿದ ಹಾಗೆ ಕೇಳಿದರು, ಎದೆ ಮೂವತ್ತೊಂಬತ್ತೂಕಾಲು ಇದ್ದರೆ ಕೋಟನ್ನೂ ಅಷ್ಟಕ್ಕೇ ಹೊಲೀತೀರಾ ಅಂತ.

ಕಸುಬಿನ ಮಾತು ಬಂತಲ್ಲ, ಇವನು ಉರಿದುಬಿದ್ದ.

"ಯಾವ ಮುಟ್ಠಾಳ ಹಾಗೆ ಹೊಲೀತಾನೆ ಮೇಡಂ? ಕೋಟು ಹಾಕ್ಕೊಂಡ ಮೇಲೆ ಮನುಷ್ಯ ಉಸಿರಾಡೋದು ಬೇಡ್ವಾ? ಕೈ ಎತ್ತೋದು ಬೇಡ್ವಾ? ನಾಲ್ಕಿಂಚು ಲೂಸ್ ಬಿಡ್ಬೇಕು."

ಅಂದವನು ಅಲ್ಲಿಗೇ ನಿಂತ. ಲೂಸ್ ಅನ್ನುವ ಮಾತು ಅವನ ಬಾಯಿಂದಲೇ ಬಿದ್ದು ಮೇಜಿನ ಮೇಲೆ ಕೂತಿತ್ತು. ಡಾಕ್ಟರಮ್ಮ ಅದನ್ನು ಬಿಡಲಿಲ್ಲ.

"ನೀವು ಹತ್ತು ತಿಂಗಳಿಂದ ನಿಮಗೆ ಮಾತ್ರ ಒಂದು ನೂಲಿನಷ್ಟೂ ಲೂಸ್ ಬಿಟ್ಟಿಲ್ಲ ಮಾಸ್ತರೇ," ಅಂದರು.

ಆಮೇಲೆ ನನ್ನ ತಮ್ಮನ ಹೊಟ್ಟೆ ಕುಲುಕಿತು, ಹೆಗಲು ಕುಲುಕಿತು, ಹೋ ಅಂತ ನಕ್ಕ. ನಗುತ್ತಾ ಎದೆ ಹಿಡಿದುಕೊಂಡ, ಹಿಡಿದುಕೊಂಡು ಮತ್ತೂ ನಕ್ಕ. ಹತ್ತು ತಿಂಗಳ ಬಾಕಿ ನಗು ಅದು. ನನಗೆ ಕಣ್ಣಲ್ಲಿ ನೀರು ಬಂತು. ಸೆರಗು ಹುಡುಕುತ್ತಿದ್ದರೆ ಡಾಕ್ಟರಮ್ಮನೇ ಕಾಗದದ ಕರವಸ್ತ್ರ ಮುಂದಿಟ್ಟರು.

ಹಾಗಂತ ಎಲ್ಲ ಅಲ್ಲಿಗೇ ನೇರವಾಯಿತು ಅಂದುಕೊಳ್ಳಬೇಡಿ. ಅಸಲಿ ಮೆಟ್ಟಿಲು ಹತ್ತುವುದು ಬಾಕಿಯೇ ಇತ್ತು. ದಿನಕ್ಕೊಂದು ಮೆಟ್ಟಿಲು ಅಂತ ಡಾಕ್ಟರಮ್ಮನ ಲೆಕ್ಕ. ಅಲ್ಲಿ ನಿಂತು ಭಯ ಎಷ್ಟು ಅಂತ ಹತ್ತಕ್ಕೆ ಅಂಕಿ ಹಾಕಬೇಕು, ನಾಡಿ ಹಿಡಿಯಬಾರದು, ಟೇಪು ಸುತ್ತಬಾರದು, ಭಯ ತಾನೇ ಅರ್ಧಕ್ಕೆ ಇಳಿಯುವವರೆಗೆ ನಿಂತು ಆಮೇಲೆ ಇಳಿಯಬೇಕು. ಇವನು ಅಲ್ಲೂ ಕಾಲಿಂಚು ಬಿಡಲಿಲ್ಲ. ಹತ್ತಕ್ಕೆ ಏಳೂಕಾಲು ಅನ್ನುವನು. ಸ್ವಲ್ಪ ಹೊತ್ತಿಗೆ ಆರೂಮುಕ್ಕಾಲು ಅನ್ನುವನು. ಕೆಳಗಿನ ಅಂಗಡಿಯವರು ಕ್ರಿಕೆಟ್ ಕೇಳಿದ ಹಾಗೆ ಎಷ್ಟಾಯ್ತು ಮಾಸ್ತರೇ ಅಂತ ಕೇಳುತ್ತಿದ್ದರು. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋದಾಗ ಬಿಳಿ ಕೋಟಿನ ತೋಳು ಸರಿಮಾಡಲು ಜೇಬಲ್ಲಿ ಗುಂಡುಪಿನ್ನು ಒಯ್ದಿದ್ದನಂತೆ. ಡಾಕ್ಟರಮ್ಮ ಬೇಡ, ಅದು ಹಾಗೇ ಇರಲಿ, ಅದನ್ನು ನೋಡುತ್ತಾ ಕೂತಿರೋದೂ ನಿಮ್ಮ ಚಿಕಿತ್ಸೆಯೇ ಅಂದರಂತೆ. ಮೆಟ್ಟಿಲಿಗಿಂತ ಅದೇ ಕಷ್ಟ ಕಣೇ ಅಕ್ಕಾ ಅಂದ ನನ್ನ ಹತ್ತಿರ.

ನನಗೂ ಒಂದು ಮನೆಗೆಲಸ ಸಿಕ್ಕಿತ್ತು. ಎದೆ ನೋವಾ ಅಂತ ಕೇಳಬಾರದು. ಅವನು ಹತ್ತುವಾಗ ಹಿಂದೆ ಕೈ ಚಾಚಿಕೊಂಡು ನಿಲ್ಲಬಾರದು. ನನಗೆ ಕೋಪವೇ ಬಂತು. ಎತ್ತಿ ಆಡಿಸಿದ ತಮ್ಮ, ಕೇಳದೆ ಇರಲಿಕ್ಕಾಗುತ್ತದೆಯೇ? ಬಾಯಿಗೆ ಬೀಗ ಹಾಕಿಕೊಂಡು ಎದುರಿನ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ.

ಹನ್ನೊಂದನೆಯ ಮೆಟ್ಟಿಲಲ್ಲಿ ಕೈಕೊಟ್ಟ. ಕಾಲಿಟ್ಟವನು ಹತ್ತಕ್ಕೆ ಹತ್ತು ಅಂತ ಕೂಗಿ, ಕೂತಲ್ಲೇ ಒಂದೊಂದಾಗಿ ಕೆಳಗೆ ಜಾರಿ ಬಂದ. ನಾಲ್ಕು ದಿನ ಮತ್ತೆ ಕಿಟಕಿ ಪಕ್ಕದ ಕುರ್ಚಿ, ಮತ್ತೆ ನಾಡಿ. ಮಗಳು ಗುಟ್ಟಾಗಿ ಪೇಟೆಗೆ ಹೋಗಿ ರೆಡಿಮೇಡ್ ಕೋಟು ನೋಡಿಕೊಂಡು ಬಂದಳು. ಹೇಗಿದೆ ಅಂದೆ. ಹೆಗಲು ಸರಿ ಕೂರಲ್ಲ ಅತ್ತೆ ಅಂದಳು. ಪಕ್ಕದ ಕೋಣೆಯಲ್ಲಿ ಅವನಿಗೆ ಕೇಳಿಸಿತೋ ಏನೋ. ಐದನೆಯ ದಿನ ಎದ್ದು ಹೋಗಿ ಹನ್ನೊಂದರ ಮೇಲೆ ಇಪ್ಪತ್ತು ನಿಮಿಷ ನಿಂತ. ಬೆವರಿನಿಂದ ಅಂಗಿಯ ಬೆನ್ನು ಅಂಟಿಕೊಂಡಿತ್ತು. ಒಂಬತ್ತೂವರೆ, ಒಂಬತ್ತೂವರೆ, ಎಂಟು, ಆರೂಕಾಲು. ನಾಲ್ಕೂಮುಕ್ಕಾಲು ಅಂದಾಗ ಅಂಗಡಿಯವರು ಚಪ್ಪಾಳೆ ಹೊಡೆದರು.

ಪ್ರಮಾಣಕ್ಕೆ ಹದಿನೆಂಟು ದಿನ ಇರುವಾಗ ಹತ್ತೊಂಬತ್ತನೆಯ ಮೆಟ್ಟಿಲು ಮುಗಿಯಿತು. ಬೀಗ ತೆಗೆದು, ಧೂಳು ಕೊಡವಿ, ಮಗಳನ್ನು ನಿಲ್ಲಿಸಿ ಟೇಪು ಸುತ್ತಿದ. ಅವಳು ಎದೆಯುಬ್ಬಿಸಿ ಉಸಿರು ಹಿಡಿದು ನಿಂತಿದ್ದಳು, ಎಲ್ಲ ಗಿರಾಕಿಗಳೂ ಹಾಗೇ ನಿಲ್ಲುವುದು. ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದನ್ನೇ ಅವಳಿಗೂ ಹೇಳಿದ, ಉಸಿರು ಬಿಡು, ಇರೋ ಹಾಗೆ ನಿಲ್ಲು ಅಂತ. ಹೇಳಿ, ತಾನೂ ಒಮ್ಮೆ ಉಸಿರು ಬಿಟ್ಟ. ಕತ್ತರಿ ಎತ್ತಿಕೊಂಡು ಕರಿ ಬಟ್ಟೆಗೆ ಹಾಕಿದ. ಬಟ್ಟೆ ಅರ್ಧ ಆಗುವಷ್ಟರಲ್ಲಿ ನಾಡಿಯ ನೆನಪೇ ಹೋಗಿತ್ತು.

ಹತ್ತು ದಿನಕ್ಕೆ ಕೋಟು ಎದ್ದು ನಿಂತಿತು. ಕಾಜಾ ಮಾತ್ರ ಬಾಕಿ. ಕಾಲಿಂಚು ಅದನ್ನು ನನ್ನ ಮಡಿಲಿಗೆ ಹಾಕಿದ. ಕರಿ ಕೋಟು, ಕರಿ ದಾರ.

ಈಗ ಹೇಳಿಯೇ ಬಿಡುತ್ತೇನೆ. ಅಂಗಡಿ ಮುಚ್ಚಿದ್ದ ದಿನಗಳಲ್ಲಿ ನಾನು ಮನೆಯಲ್ಲೇ ಕೂತು ಬೇರೆ ದರ್ಜಿಗಳಿಗೆ ಕಾಜಾ ಹಾಕಿಕೊಡುತ್ತಿದ್ದೆ. ಬಿಳಿಯದು, ನೀಲಿಯದು, ಎಲ್ಲ ಹಾಕುತ್ತಿದ್ದೆ. ಕರಿಯದು ಬಂದರೆ ಕಣ್ಣು ಕಾಣಲ್ಲ ಅಂತ ವಾಪಸು ಕಳಿಸುತ್ತಿದ್ದೆ. ಕಣ್ಣಿಗೆ ಏನೂ ಆಗಿರಲಿಲ್ಲ. ಆ ದಿನ ಅವನು ಕೆಳಗೆ ಹೋದದ್ದು ತಾನಾಗಿ ಅಲ್ಲ. ನಾನೇ ಅವನನ್ನು ಅಟ್ಟಿದ್ದೆ. ಮೊಣಕಾಲು ನೋವು, ಕರಿ ದಾರ ಮುಗಿದಿದೆ, ನೀನೇ ಹೋಗಿ ತಾ ಅಂದಿದ್ದೆ. ಮೈ ಸರಿಯಿಲ್ಲ, ಆಮೇಲೆ ಹೋಗ್ತೀನಿ ಅಂದವನನ್ನು ಸೋಮಾರಿ ಅಂತ ಬೈದು ಅಟ್ಟಿದ್ದೆ. ಹೆಂಡತಿಗೆ ಹೇಳಿರಲಿಲ್ಲ, ಮಗಳಿಗೆ ಹೇಳಿರಲಿಲ್ಲ. ಅವನೂ ಯಾರಿಗೂ ಹೇಳಿರಲಿಲ್ಲ.

ಸೂಜಿ ಎತ್ತಿದೆ. ಅಂದು ಮೆಟ್ಟಿಲಲ್ಲಿ ಉರುಳಿದ ಆ ರೀಲಿನ ಕೊನೆಯ ಮೊಳ ದಾರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ. ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಕೋಟು ಪಕ್ಕಕ್ಕೆ ಇಟ್ಟೆ. ನನ್ನ ಕೈಲಾಗಲ್ಲ ಕಣೋ ಅಂದೆ. ಯಾಕೆ ಅಂದ. ವರ್ಷದಿಂದ ಬಚ್ಚಿಟ್ಟಿದ್ದದ್ದನ್ನೆಲ್ಲ ಹೇಳಿ ಅತ್ತೆ. ನಿನ್ನನ್ನ ಕೊಲ್ಲೋಕೆ ಕಳಿಸಿದವಳು ನಾನು ಅಂದೆ.

ಅವನು ಕತ್ತಿನಿಂದ ಟೇಪು ತೆಗೆದು ನನ್ನ ಎದೆಯ ಸುತ್ತ ತಂದ.

"ಉಸಿರು ಬಿಡು ಅಕ್ಕಾ," ಅಂದ.

ಬಿಟ್ಟೆ. ಎಷ್ಟು ದಿನದಿಂದ ಹಿಡಿದಿದ್ದೆನೋ, ಬಿಟ್ಟೇ ಬಿಟ್ಟೆ. ಅವನು ಅಳತೆ ನೋಡಿದ. ಜೇಬಿನಿಂದ ತನ್ನ ನೋಟುಪುಸ್ತಕ ತೆಗೆದು, ಕೊನೆಯ ಪುಟದಲ್ಲಿ ಬರೆದು ನನ್ನ ಮುಂದೆ ಹಿಡಿದ. ಅಕ್ಕ, ಮಧ್ಯಾಹ್ನ ಮೂರು, ಕಾಜಾ ಹಾಕುವಾಗ, ಮೂವತ್ತಾರು.

"ಕೊನೇ ಮೊಳ ಸಾಕಾಗಲ್ಲ, ಕರಿ ದಾರ ಮುಗಿದಿದೆ," ಅಂದ. "ನಾನು ಹೋಗಿ ತರ್ತೀನಿ."

ಬೇಡ ಅನ್ನಲು ಬಾಯಿ ತೆರೆದೆ. ಮನೆಗೆಲಸ ನೆನಪಾಗಿ ಮುಚ್ಚಿಕೊಂಡೆ. ಅವನು ಹೊರಟ. ಕೂತಲ್ಲಿಂದಲೇ ಎಣಿಸಿದೆ, ಇಳಿಯುವಾಗ ಹತ್ತೊಂಬತ್ತು. ಕೆಳಗೆ ಅಂಗಡಿಯವರ ಜೊತೆ ಏನೋ ಮಾತು, ನಗು. ಆಮೇಲೆ ಹತ್ತುವ ಸದ್ದು. ಒಂಬತ್ತು, ಹತ್ತು, ಹನ್ನೊಂದು. ಹನ್ನೊಂದಕ್ಕೆ ಸದ್ದು ನಿಂತಿತು. ಏಳಲಿಲ್ಲ, ಕೂಗಲಿಲ್ಲ, ಕುರ್ಚಿಯ ಕೈ ಹಿಡಿದು ಕೂತೆ. ಆಮೇಲೆ ಹನ್ನೆರಡು, ಹದಿಮೂರು. ಹತ್ತೊಂಬತ್ತು.

ಬಾಗಿಲಲ್ಲಿ ನಿಂತವನು ಏದುಸಿರಿನಲ್ಲೇ ಹೊಸ ರೀಲು ನನ್ನ ಮಡಿಲಿಗೆ ಎಸೆದ. ಹನ್ನೊಂದರಲ್ಲಿ ಯಾಕೋ ನಿಂತೆ ಅಂದೆ. ಚಪ್ಪಲಿ ಉಂಗುಟ ಕಿತ್ತುಹೋಯ್ತು, ಹಾಳಾದ್ದು ರೆಡಿಮೇಡ್ ಅಂದ.

ಆ ಸಂಜೆಯೇ ಮೂರೂ ಕಾಜಾ ಹಾಕಿ ಮುಗಿಸಿದೆ. ನಮ್ಮ ಹುಡುಗಿ ಆ ಕೋಟು ಹಾಕಿಕೊಂಡು ಪ್ರಮಾಣ ತೆಗೆದುಕೊಂಡಳು. ಈಗ ಹಾಕಿಕೊಂಡೇ ದಿನಾ ಕೆಲಸಕ್ಕೆ ಹೋಗುತ್ತಾಳೆ. ನಡುವಿನ ಕಾಜಾ ಕಾಲಿಂಚು ಮೇಲೆ ಕೂತಿದೆ, ಬಿಚ್ಚಿ ಹಾಕು ಅಂತ ನನ್ನ ತಮ್ಮ ಇವತ್ತಿಗೂ ಜಗಳ ಆಡುತ್ತಾನೆ. ನಾನು ಬಿಚ್ಚುವುದಿಲ್ಲ.